ಕಡಲಿಗೆ ಕ್ಯಾಮೆರಾ ಇಳಿಸಿದ ಕೂಸ್ಟೊ

1956ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಡೆದ ಜಾಕ್ ಈವ್ ಕೂಸ್ಟೊ ಅವರ ಸಾಕ್ಷ್ಯಚಿತ್ರದಲ್ಲಿ ಇಂದು ನೋಡಲಾಗದಂಥ ದೃಶ್ಯಗಳಿವೆ. ಹವಳದ ದಿಬ್ಬದಲ್ಲಿ ಎಷ್ಟು ಬಗೆಯ ಮೀನುಗಳಿವೆ ಎಂದು ತಿಳಿಯಲು ಅವರ ತಂಡ ಅಲ್ಲಿ ಡೈನಮೈಟ್ ಸಿಡಿಸಿ, ಸತ್ತ ಮೀನುಗಳನ್ನು ಆಯ್ದು ಎಣಿಸುತ್ತದೆ. ಮುಂದೊಂದೆಡೆ, ಹಡಗಿಗೆ ಸಿಕ್ಕಿ ಗಾಯಗೊಂಡ ತಿಮಿಂಗಿಲದ ಮರಿಯನ್ನು ತಿನ್ನಬಂದ ಶಾರ್ಕುಗಳನ್ನು ನಾವಿಕರು ಡೆಕ್ಕಿಗೆಳೆದು ಕೊಡಲಿಯಿಂದ ಹೊಡೆಯುತ್ತಾರೆ. ಕಡಲ ಸಂರಕ್ಷಣೆ ಎಂದೊಡನೆ ನೆನಪಾಗುವ, ಕೆಂಪು ಟೊಪ್ಪಿಗೆಯ ಆ ಫ್ರೆಂಚ್ ನೌಕಾಧಿಕಾರಿ ಹೊರಟದ್ದು ಇಲ್ಲಿಂದ.

ಅವರನ್ನು ಆಳಕ್ಕೆ ಕರೆದೊಯ್ದದ್ದು ಒಂದು ಪುಟ್ಟ ಕವಾಟ. ಯುದ್ಧಕಾಲದ ಫ್ರಾನ್ಸಿನಲ್ಲಿ ಪೆಟ್ರೋಲಿಗೆ ಬರ ಬಂದು ಕಾರುಗಳು ಅನಿಲದಿಂದ ಓಡುತ್ತಿದ್ದಾಗ, ಎಂಜಿನ್ನಿಗೆ ಬೇಕಾದಷ್ಟೇ ಅನಿಲ ಬಿಡುವ ಕವಾಟವನ್ನು ಎಮಿಲ್ ಗಾನ್ಯಾನ್ ಎಂಬ ಎಂಜಿನಿಯರ್ ರೂಪಿಸಿದ್ದರು. 1943ರಲ್ಲಿ ಇಬ್ಬರೂ ಸೇರಿ ಅದನ್ನು ಉಸಿರಾಟಕ್ಕೆ ಒಗ್ಗಿಸಿದರು. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಸುಮಾರು ಒಂದು ವಾಯುಭಾರದಷ್ಟು ಒತ್ತಡ ಹೆಚ್ಚುವುದರಿಂದ, ಉಸಿರಾಡುವ ಗಾಳಿಗೂ ಅಷ್ಟೇ ಒತ್ತಡವಿಲ್ಲದಿದ್ದರೆ ಎದೆಗೂಡು ಹಿಗ್ಗಲಾರದು. ಕವಾಟದೊಳಗೆ ಒಂದು ತೆಳುಪೊರೆಯಿದೆ. ಅದರ ಒಂದು ಮಗ್ಗುಲಿಗೆ ನೀರು, ಇನ್ನೊಂದು ಮಗ್ಗುಲಿಗೆ ಗಾಳಿ. ಮುಳುಗುಗಾರ ಉಸಿರೆಳೆದಾಗ ಪೊರೆ ಬಾಗಿ ಸನ್ನೆಗೋಲನ್ನು ಒತ್ತುತ್ತದೆ, ಸಿಲಿಂಡರಿನಿಂದ ಗಾಳಿ ಬರುತ್ತದೆ. ಒಳಗಿನ ಒತ್ತಡ ಹೊರಗಿನ ನೀರಿನದಕ್ಕೆ ಸಮನಾದೊಡನೆ ಹರಿವು ನಿಲ್ಲುತ್ತದೆ. ಮೇಲಿನ ದೋಣಿಗೆ ಕೊಳವೆ ಕಟ್ಟಿಕೊಳ್ಳದೆ ಮೀನಿನ ಹಿಂದೆ ಹೋಗಲು ಕ್ಯಾಮೆರಾದವನಿಗೆ ಸಾಧ್ಯವಾದದ್ದು ಹೀಗೆ.

1960ರಲ್ಲಿ ಮೆಡಿಟರೇನಿಯನ್ ಸಮುದ್ರಕ್ಕೆ ವಿಕಿರಣಶೀಲ ತ್ಯಾಜ್ಯ ಸುರಿಯುವ ಫ್ರೆಂಚ್ ಯೋಜನೆಯನ್ನು ಕೂಸ್ಟೊ ಬಹಿರಂಗವಾಗಿ ವಿರೋಧಿಸಿದರು. ಜನರ ಪ್ರತಿಭಟನೆಗೆ ಮಣಿದು ಯೋಜನೆ ಹಿಂದೆ ಸರಿಯಿತು. 1968ರಿಂದ ಸುಮಾರು ಎಂಟು ವರ್ಷ ಅಮೆರಿಕದ ಎಬಿಸಿ ವಾಹಿನಿಯಲ್ಲಿ ಬಂದ ಅವರ ಸರಣಿಯಲ್ಲಿ ವಿಜ್ಞಾನಕ್ಕಿಂತ ನಾಟಕವೇ ಹೆಚ್ಚೆಂಬ ಆಕ್ಷೇಪ ಸುಳ್ಳಲ್ಲ. ಆದರೂ ಕಡಲನ್ನೇ ಕಾಣದ ಊರಿನ ಮಕ್ಕಳಿಗೆ ಆಕ್ಟೋಪಸ್ ಮೇಲೆ ಅಕ್ಕರೆ ಹುಟ್ಟಿಸುವುದು ಅಂಕಿಅಂಶಗಳ ಪಟ್ಟಿಯಿಂದ ಆಗುವ ಕೆಲಸವಲ್ಲ. ಈ ವಿಷಯದಲ್ಲಿ ನಾನು ಕೂಸ್ಟೊ ಅವರ ಪರ. 1973ರಲ್ಲಿ ಅವರು ತಮ್ಮ ಹೆಸರಿನ ಸಂರಕ್ಷಣಾ ಸಂಸ್ಥೆಯನ್ನೂ ಕಟ್ಟಿದರು.

ಆ ಜನಪ್ರಿಯತೆ ನಿಜಕ್ಕೂ ಕೆಲಸಕ್ಕೆ ಬಂದದ್ದು ಅಂಟಾರ್ಕ್ಟಿಕದ ವಿಚಾರದಲ್ಲಿ. ಅಲ್ಲಿ ಗಣಿಗಾರಿಕೆಗೆ ದಾರಿ ಮಾಡಿಕೊಡುವ ಒಪ್ಪಂದ 1988ರಲ್ಲಿ ಸಿದ್ಧವಾದಾಗ ಅವರು ಸಹಿ ಸಂಗ್ರಹಕ್ಕೆ ಇಳಿದರು. ಮರುವರ್ಷ ಫ್ರಾನ್ಸ್ ಮತ್ತು ಆಸ್ಟ್ರೇಲಿಯಾ ಆ ಒಪ್ಪಂದದಿಂದ ದೂರ ಸರಿದವು. ಬಳಿಕ ಕೂಸ್ಟೊ ಆರು ಖಂಡಗಳ ಆರು ಮಕ್ಕಳನ್ನು ಆ ಹಿಮನೆಲಕ್ಕೇ ಕರೆದೊಯ್ದರು. ಗಣಿಗಾರಿಕೆಯನ್ನು ನಿಷೇಧಿಸುವ ಮ್ಯಾಡ್ರಿಡ್ ಒಡಂಬಡಿಕೆಗೆ 1991ರಲ್ಲಿ ಸಹಿ ಬಿತ್ತು. ಅದು ಜಾರಿಗೆ ಬಂದ 1998ರ ಜನವರಿಗೆ ಕೂಸ್ಟೊ ತೀರಿಕೊಂಡು ಏಳು ತಿಂಗಳಾಗಿರಲಿಲ್ಲ.