‘ನೀವು ನಮ್ಮನೆಯವರ ಥರ’ ಅಂದರೆ ಸ್ವಲ್ಪ ಎಚ್ಚರ

ದೊಡ್ಡ ಮನೆಗಳನ್ನು ನೋಡಿಕೊಳ್ಳುವ ಮ್ಯಾನೇಜರ್ ಕೆಲಸ ಕೇಳಿಕೊಂಡು ಬರುವವರನ್ನು ನಾನು ಮೊದಲು ಕೇಳುವ ಪ್ರಶ್ನೆ ಒಂದೇ. ‘ಹಿಂದಿನ ಮನೆಯಲ್ಲಿ ನೇಮಕದ ಪತ್ರ ಕೊಟ್ಟಿದ್ದರಾ?’ ಹೆಚ್ಚಿನವರು ನಗುತ್ತಾರೆ. ‘ಪತ್ರ ಎಲ್ಲಿಂದ ಬರಬೇಕು ಸಾರ್? ಮನೆಯವರ ಥರಾನೇ ನೋಡ್ಕೊಂಡ್ರು.’ ಅಲ್ಲಿಗೆ ಅರ್ಧ ಕಥೆ ತಿಳಿದ ಹಾಗೆ. ಸಂಬಳ ಕೊನೆಯ ಸಲ ಏರಿದ್ದು ಯಾವಾಗ ಅಂತ ನೆನಪಿಲ್ಲ. ರಜೆ ಕೇಳಲು ಸಂಕೋಚ. ಬಿಟ್ಟು ಬರುವಾಗ ಕೈಯಲ್ಲಿ ಒಂದು ಪಂಚೆ, ಒಂದು ಡಬ್ಬ ಮೈಸೂರು ಪಾಕು.

ನಾನೂ ಹಾಗೇ ಶುರು ಮಾಡಿದವನು. ಬೆಂಗಳೂರಿನ ಒಂದು ದೊಡ್ಡ ಹೋಟೆಲಿನ ಹೌಸ್‌ಕೀಪಿಂಗ್‌ನಲ್ಲಿ ಒಂಬತ್ತು ವರ್ಷ ಇದ್ದೆ. ಆಮೇಲೆ ಒಂದು ಕುಟುಂಬ ಮನೆ ನೋಡಿಕೊಳ್ಳಲು ಕರೆಯಿತು. ಬೆಂಗಳೂರಲ್ಲಿ ದೊಡ್ಡ ಮನೆ, ಸಕಲೇಶಪುರದ ಕಡೆ ಕಾಫಿ ತೋಟ ಮತ್ತು ಹಳೇ ಬಂಗಲೆ. ಎರಡೂ ಕಡೆ ಸೇರಿ ಒಳಗಿನ ಕೆಲಸಕ್ಕೆ ಹನ್ನೊಂದು ಜನ. ಎಲ್ಲರ ಮೇಲೆ ನಾನು. ಆದರೆ ‘ನಾನು’ ಅಂದರೆ ಏನು ಅಂತ ಯಾರೂ ಹೇಳಿರಲಿಲ್ಲ.

ಈ ಕೆಲಸ ನಮಗೆ ಹೊಸದಲ್ಲ. ಮನೆವಾರ್ತೆ, ಪಾರುಪತ್ಯ ಎಂಬ ಮಾತುಗಳು ಕನ್ನಡದಲ್ಲಿ ಇರುವುದೇ ಅದಕ್ಕೆ. ಉಗ್ರಾಣದ ಬೀಗದಕೈ ಸೊಂಟದಲ್ಲಿ ಇಟ್ಟುಕೊಂಡು ನೂರು ಜನರ ಊಟ ನಡೆಸುತ್ತಿದ್ದವರು ಹಿಂದೆಯೂ ಇದ್ದರು. ಈಗ ಅದಕ್ಕೆ ಹೌಸ್ ಮ್ಯಾನೇಜರ್, ಎಸ್ಟೇಟ್ ಮ್ಯಾನೇಜರ್ ಅಂತ ಹೆಸರು. ಮೊದಲನೆಯವರು ಒಂದು ಮನೆ ನೋಡುತ್ತಾರೆ. ಎರಡನೆಯವರು ಎರಡು ಮೂರು ಆಸ್ತಿ, ಅಲ್ಲಿನ ಕೆಲಸಗಾರರು, ಬಜೆಟ್ಟು ಎಲ್ಲ ನೋಡುತ್ತಾರೆ. ಬಟ್ಲರ್ ಬೇರೆ. ಅವರದು ಜನರನ್ನು ನೋಡಿಕೊಳ್ಳುವ ಕೆಲಸ, ನಮ್ಮದು ಮನೆಯನ್ನು. ಮಲೆನಾಡಿನಲ್ಲಿ ಮಾತ್ರ ಎಸ್ಟೇಟ್ ಮ್ಯಾನೇಜರ್ ಅಂದರೆ ತೋಟದ ಮ್ಯಾನೇಜರೇ. ನನ್ನ ನೆಂಟರು ಈಗಲೂ ಮರಗಸಿ (ತೋಟದ ನೆರಳಿನ ಮರಗಳ ಕೊಂಬೆ ಕಡಿಸುವುದು) ಯಾವಾಗ ಮಾಡಿಸಬೇಕು ಅಂತ ನನಗೆ ಫೋನ್ ಮಾಡುತ್ತಾರೆ.

ಹೋಟೆಲಿನಿಂದ ಬಂದವರಿಗೆ ಕೈಚಳಕ ಇರುತ್ತದೆ, ಆದರೆ ಒಂದು ಭ್ರಮೆಯೂ ಇರುತ್ತದೆ. ಹೋಟೆಲಿನಲ್ಲಿ ಎಲ್ಲ ಕೋಣೆ ಒಂದೇ ಥರ. ಮನೆಯಲ್ಲಿ ಒಂದೊಂದು ನೆಲಕ್ಕೂ ಒಂದೊಂದು ಬುದ್ಧಿ. ನನ್ನ ಮೊದಲ ಗಣೇಶನ ಹಬ್ಬ ಮರೆಯುವ ಹಾಗೇ ಇಲ್ಲ. ಹೊಸ ಹುಡುಗಿ ಹಿತ್ತಾಳೆ ದೀಪದ ಕಂಬಗಳನ್ನು ಹುಣಸೆಹಣ್ಣಿನಲ್ಲಿ ಫಳಫಳ ಅನ್ನಿಸಿದಳು. ಸರಿಯಾಗಿ ತೊಳೆಯದೆ, ಒದ್ದೆ ಇರುವಾಗಲೇ ಹಾಲ್‌ನ ಇಟಾಲಿಯನ್ ಮಾರ್ಬಲ್ ಮೇಲೆ ಸಾಲಾಗಿ ಇಟ್ಟಳು. ಸಂಜೆ ಎತ್ತಿ ನೋಡಿದರೆ ನೆಲದಲ್ಲಿ ಎಂಟು ಮಂಕು ಉಂಗುರ. ಹುಣಸೆಯ ಹುಳಿ ಮಾರ್ಬಲ್ಲಿನ ಸುಣ್ಣದ ಅಂಶವನ್ನೇ ತಿಂದು ಹಾಕುತ್ತದೆ. ಒರೆಸಿದರೆ ಹೋಗುವ ಕಲೆ ಅಲ್ಲ, ಯಂತ್ರ ತರಿಸಿ ಉಜ್ಜಿ ಮತ್ತೆ ಪಾಲಿಶ್ ಮಾಡಿಸಬೇಕು. ಅಜ್ಜಿಯ ಕಾಲದ ಕೆಂಪು ರೆಡ್‌ಆಕ್ಸೈಡ್ ನೆಲದಲ್ಲಿ ಬೆಳೆದ ಆ ಹುಡುಗಿಗೆ ಅದು ಹೇಗೆ ಗೊತ್ತಿರಬೇಕು? ಗೊತ್ತಿರಬೇಕಾಗಿದ್ದವನು ನಾನು. ಹೇಳಬೇಕಾಗಿದ್ದವನೂ ನಾನು.

ಅವತ್ತು ರಾತ್ರಿ ಒಂದು ಲಾಂಗ್‌ಬುಕ್ ತೆಗೆದುಕೊಂಡು ‘ಮಾರ್ಬಲ್: ಹುಣಸೆ, ನಿಂಬೆ, ವಿನೆಗರ್, ಆಸಿಡ್ ಬೇಡ’ ಅಂತ ಬರೆದೆ. ಅದು ನನ್ನ ಮನೆ ಪುಸ್ತಕದ ಮೊದಲ ಸಾಲು. ಆಮೇಲೆ ಅದರಲ್ಲಿ ಏನೇನೋ ಸೇರಿತು. ಸಂಪಿನಲ್ಲಿ ಎಷ್ಟು ಲೀಟರ್ ಹಿಡಿಯುತ್ತದೆ, ಯುಪಿಎಸ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿದ್ದು ಯಾವಾಗ, ಲಿಫ್ಟ್‌ನ ವರ್ಷದ ಒಪ್ಪಂದ ಮುಗಿಯುವುದು ಯಾವತ್ತು. ರೇಷ್ಮೆ ಸೀರೆಗಳನ್ನು ಕೆಲವು ತಿಂಗಳಿಗೊಮ್ಮೆ ಬಿಚ್ಚಿ ಬೇರೆ ಮಡಿಕೆಯಲ್ಲಿ ಮಡಿಸಬೇಕು, ಇಲ್ಲದಿದ್ದರೆ ಜರಿ ಮಡಿಕೆಯಲ್ಲೇ ಮುರಿಯುತ್ತದೆ. ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿದರೆ 5% ರಿಯಾಯಿತಿ. ಯಾವ ಅತಿಥಿ ಈರುಳ್ಳಿ ತಿನ್ನುವುದಿಲ್ಲ ಅನ್ನುವುದೂ ಅದರಲ್ಲೇ.

ಈ ಪುಸ್ತಕದ ಬೆಲೆ ಗೊತ್ತಾಗಿದ್ದು 2024ರ ಬೇಸಿಗೆಯಲ್ಲಿ. ಮಾರ್ಚ್‌ನಲ್ಲಿ ಜಲಮಂಡಳಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿತು. ಅಕ್ಕಪಕ್ಕದ ಮನೆಗಳಲ್ಲಿ ಟ್ಯಾಂಕರಿಗಾಗಿ ಹೊಡೆದಾಟ. ನಮ್ಮಲ್ಲಿ ನೀರು ಎಲ್ಲೆಲ್ಲಿ ಎಷ್ಟು ಹೋಗುತ್ತದೆ ಅಂತ ಬರೆದ ಲೆಕ್ಕ ಇತ್ತು. ಬೇಸಿಗೆಯಲ್ಲಿ ಹುಲ್ಲುಹಾಸೇ ಹತ್ತಿರ ಹತ್ತಿರ ಅರ್ಧ ಕುಡಿಯುತ್ತಿತ್ತು! ಆ ಪುಟ ತೋರಿಸಿದೆ. ಹುಲ್ಲು ಒಣಗಲಿ ಅಂತ ಯಜಮಾನರು ಐದು ನಿಮಿಷದಲ್ಲಿ ಒಪ್ಪಿದರು. ಹಿರಿಯಮ್ಮನ ತುಳಸಿಗೆ ಮಾತ್ರ ಅಕ್ಕಿ ತೊಳೆದ ನೀರು ನಿಲ್ಲಲಿಲ್ಲ, ಅದನ್ನು ಕೇಳುವ ಧೈರ್ಯವೂ ನನಗಿರಲಿಲ್ಲ.

ಲೆಕ್ಕ ಬರೆಯುವುದನ್ನು ನನಗೆ ಕಲಿಸಿದವರು ಹೋಟೆಲಿನವರಲ್ಲ, ತೋಟದ ಲೆಕ್ಕ ಬರೆಯುವ ಗುಮಾಸ್ತರು, ನಮ್ಮ ರೈಟ್ರು. ಮೂವತ್ತು ವರ್ಷ ಚೆಕ್‌ರೋಲ್, ಅಂದರೆ ಕೆಲಸಗಾರರ ಹಾಜರಿ ಮತ್ತು ಕೂಲಿಯ ಪುಸ್ತಕ, ಬರೆದ ಕೈ ಅದು. ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ ಇಂಚು, ಸೆಂಟಿನಲ್ಲಿ ಬರೆಯುತ್ತಿದ್ದರು; ನೂರು ಸೆಂಟ್ ಅಂದರೆ ಒಂದು ಇಂಚು. ಮಾರ್ಚ್ ಬಂತೆಂದರೆ ಬೆಂಗಳೂರಿನಿಂದ ಯಜಮಾನರ ಫೋನು. ‘ಹೂಮಳೆ ಬಂತಾ?’ ಒಂದು ಇಂಚಿನಷ್ಟು ಒಳ್ಳೆ ಮಳೆ ಬಿದ್ದರೆ ಎಂಟು ಹತ್ತು ದಿನದಲ್ಲಿ ತೋಟ ಬೆಳ್ಳಗೆ ಅರಳುತ್ತದೆ. ಬರೀ 40 ಸೆಂಟ್ ಬಿದ್ದರೆ ಮೊಗ್ಗು ಅರ್ಧಂಬರ್ಧ, ಕೂಡಲೇ ಸ್ಪ್ರಿಂಕ್ಲರ್ ಹಾಕಬೇಕು. ಯಜಮಾನರಿಗೆ ಖುಷಿಯಾಗಲಿ ಅಂತ 40 ಸೆಂಟನ್ನು 80 ಅಂದರೆ? ಫೋನಿನಲ್ಲಿ ಖುಷಿ, ಕಣದಲ್ಲಿ ಕಾಫಿ ಇಲ್ಲ. ರೈಟ್ರು ಒಂದು ದಿನವೂ ಆ ಅಂಕಿಯನ್ನು ಮೇಲೆ ಕೆಳಗೆ ಮಾಡಲಿಲ್ಲ. ಬಟವಾಡೆಯ ದಿನ ಒಬ್ಬೊಬ್ಬರ ಹೆಸರು ಕರೆದು, ದುಡ್ಡು ಎಣಿಸಿ ಕೊಟ್ಟು, ಹೆಬ್ಬೆಟ್ಟು ಹಾಕಿಸಿಕೊಂಡೇ ಪುಟ ಮುಚ್ಚುತ್ತಿದ್ದರು.

ದುಡ್ಡಿನ ಮಾತು ಬಂತಲ್ಲ, ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ವೃತ್ತಿಯಲ್ಲಿ ಜನ ಬೀಳುವುದು ಕಳ್ಳತನದಿಂದಲ್ಲ, ಕವರಿನಿಂದ. ದೀಪಾವಳಿಗೆ ದಿನಸಿ ಅಂಗಡಿಯವರು ಸ್ವೀಟ್ ಬಾಕ್ಸ್ ಕೊಡುತ್ತಾರೆ, ಬಾಕ್ಸಿನ ಕೆಳಗೆ ಒಂದು ಕವರ್. ಪೇಂಟ್ ಕಂಟ್ರಾಕ್ಟರ್ ‘ನಿಮ್ದೂ ಇದೆ ಸಾರ್’ ಅನ್ನುತ್ತಾರೆ. ತೆಗೆದುಕೊಂಡಿರಿ ಅಂದುಕೊಳ್ಳಿ. ಮುಂದಿನ ಸಲ ಬಣ್ಣ ಸಿಪ್ಪೆ ಏಳುವಾಗ ಅವರನ್ನು ಗದರಿಸುವ ಬಾಯಿ ನಿಮಗಿರುವುದಿಲ್ಲ. ನಾನು ಮಾಡುವುದು ಇಷ್ಟು. ಸ್ವೀಟನ್ನು ಅಡುಗೆಮನೆಯಲ್ಲಿ ಎಲ್ಲರಿಗೂ ಹಂಚುತ್ತೇನೆ. ಕವರನ್ನು ಅವರ ಎದುರಿಗೇ ವಾಪಸ್ ಕೊಟ್ಟು, ಅಷ್ಟನ್ನು ಬಿಲ್ಲಿನಲ್ಲಿ ಕಡಿಮೆ ಮಾಡಿ ಅನ್ನುತ್ತೇನೆ. ಎರಡು ವರ್ಷ ಹೀಗೆ ಮಾಡಿದರೆ ಕವರ್ ಬರುವುದು ನಿಲ್ಲುತ್ತದೆ. ಕೆಲವು ಅಂಗಡಿಯವರ ಮಾತೂ ನಿಲ್ಲುತ್ತದೆ, ನಿಲ್ಲಲಿ. ಹಾಗೇ ಸಹಿ ಮಾಡಿದ ಖಾಲಿ ಚೆಕ್, ಯಜಮಾನರ ಒಟಿಪಿ ಬರುವ ಫೋನ್ ಇವೆರಡನ್ನೂ ಎಷ್ಟೇ ಪ್ರೀತಿಯಿಂದ ಕೊಟ್ಟರೂ ಇಟ್ಟುಕೊಳ್ಳಬೇಡಿ. ತಿಂಗಳ ಖರ್ಚಿಗೆ ಬೇರೆ ಖಾತೆ, ಅದಕ್ಕೊಂದು ಮಿತಿ ಇರಲಿ. ಮನೆಯ ಖರ್ಚನ್ನು ತೋಟದ ಲೆಕ್ಕಕ್ಕೆ ತುರುಕಲು ಹೇಳಿದರೆ ಆಡಿಟರನ್ನು ಕೇಳಿ ಅಂತ ಮೆತ್ತಗೆ ಜಾರಿಕೊಳ್ಳಿ.

ನಿಮ್ಮ ಕೆಳಗಿನವರ ಲೆಕ್ಕವೂ ನಿಮ್ಮದೇ. ಮನೆಗೆಲಸದವರಿಗೆ ಕನಿಷ್ಠ ವೇತನ ನಿಗದಿ ಮಾಡಿದ ಮೊದಲ ರಾಜ್ಯ ನಮ್ಮದು, 2004ರಲ್ಲೇ. ಆದರೂ ವಾರದ ರಜೆ ಕೊಡಿಸಲು ನಾನು ಅಮ್ಮಾವ್ರ ಜೊತೆ ಒಂದು ವರ್ಷ ವಾದ ಮಾಡಬೇಕಾಯಿತು. ಗೆದ್ದಿದ್ದು ನ್ಯಾಯದ ಮಾತಿನಿಂದ ಅಲ್ಲ. ಅಡುಗೆಯವರು ಬಿಟ್ಟುಹೋದಾಗಲೆಲ್ಲ ಹೊಸಬರನ್ನು ಹುಡುಕಿ ಕಲಿಸಲು ಎಷ್ಟು ಖರ್ಚಾಯಿತು ಅಂತ ಪುಸ್ತಕ ತೆಗೆದು ತೋರಿಸಿದ್ದರಿಂದ.

ಈ ದಾರಿಗೆ ಬರುವುದು ಹೇಗೆ ಅಂತ ಕೇಳುತ್ತಾರೆ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದರೆ ಒಳ್ಳೆಯದು, ಸರ್ಕಾರಿ ಕಾಲೇಜುಗಳಿಗೆ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಇದೆ. ಸೈನ್ಯದಿಂದ ನಿವೃತ್ತರಾದವರು, ಹಡಗಿನಲ್ಲಿ ಕೆಲಸ ಮಾಡಿದವರು ಬೇಗ ಹೊಂದಿಕೊಳ್ಳುತ್ತಾರೆ. ಬರೀ ಬಟ್ಲರ್ ಕೋರ್ಸಿನ ಸರ್ಟಿಫಿಕೇಟ್ ಹಿಡಿದು ಬಂದವರು ಬೋರ್‌ವೆಲ್ ಮೋಟರ್ ಸುಟ್ಟ ದಿನ ಕಂಗಾಲಾಗುತ್ತಾರೆ. ಗಲ್ಫಿನ ಅರಮನೆ, ವಿಲ್ಲಾಗಳಲ್ಲಿ ಕರಾವಳಿಯ ನಮ್ಮವರು ಬಹಳ ಕಾಲದಿಂದ ಇದ್ದಾರೆ. ಹೋಗುವವರು ವಿಸಿಟ್ ವೀಸಾದಲ್ಲಿ ಹೋಗಬೇಡಿ, ನೋಂದಾಯಿತ ಏಜೆಂಟರ ಮೂಲಕವೇ ಹೋಗಿ. ಏಜೆಂಟರು ನಿಮ್ಮಿಂದ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿಗಿಂತ ಜಾಸ್ತಿ ಶುಲ್ಕ ತೆಗೆದುಕೊಳ್ಳುವ ಹಾಗಿಲ್ಲ.

ಇನ್ನು ಮೊದಲು ಹೇಳಿದ ನೇಮಕದ ಪತ್ರದ ವಿಷಯ. ಅದು ಯಾರ ಲೆಕ್ಕದಲ್ಲಿ ಬರುತ್ತದೆ ಅನ್ನುವುದೇ ಮುಖ್ಯ. ಭವಿಷ್ಯನಿಧಿ ಕಡ್ಡಾಯ ಆಗುವುದು 20 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಸಂಸ್ಥೆಗೆ. ಮನೆ ಸಂಸ್ಥೆ ಅಲ್ಲ, ಅಲ್ವಾ? ಹಾಗಾಗಿ ಮನೆಯ ಲೆಕ್ಕದಲ್ಲೇ ಸಂಬಳ ಪಡೆಯುವವರಿಗೆ ಪಿಎಫ್ ಇಲ್ಲ. ಎಷ್ಟು ದೊಡ್ಡ ಮನೆಯಾದರೂ ಅಷ್ಟೇ. ಯಜಮಾನರ ಕಂಪನಿಯದೋ ತೋಟದ ಸಂಸ್ಥೆಯದೋ ಸಂಬಳಪಟ್ಟಿಗೆ ಹೆಸರು ಸೇರಿದರೆ ಕಥೆಯೇ ಬೇರೆ. 1972ರ ಗ್ರ್ಯಾಚುಟಿ ಕಾನೂನಿನಲ್ಲಿ ಗಣಿ, ಕಾರ್ಖಾನೆಗಳ ಜೊತೆ ಪ್ಲಾಂಟೇಶನ್ ಹೆಸರೂ ಇತ್ತು, 2025ರಲ್ಲಿ ಅದರ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. ಐದು ವರ್ಷ ದುಡಿದರೆ ಅದು ಹಕ್ಕು, ಯಾರ ಕೃಪೆಯೂ ಅಲ್ಲ. ಇದು ನನಗೆ ತಿಳಿದದ್ದು ನಾಲ್ಕು ವರ್ಷ ಸುಮ್ನೆ ಕಳೆದ ಮೇಲೆ, ಅದೂ ರೈಟ್ರು ತಮ್ಮ ಪಿಎಫ್ ಚೀಟಿ ತೋರಿಸಿದಾಗ. ಅವರ ಮೇಲಿನವನು ನಾನು, ನನಗೇ ಅದಿಲ್ಲ.

ಬೆಂಗಳೂರಿಗೆ ಬಂದು, ನನಗೂ ಪತ್ರ ಕೊಡಿ ಅಂತ ಕೇಳಿಯೇಬಿಟ್ಟೆ. ಅಮ್ಮಾವ್ರ ಮುಖ ಸಣ್ಣದಾಯಿತು. ‘ನಮ್ಮನೆಯವರ ಥರ ಇದ್ದೀರಿ, ನಮ್ಮ ಮೇಲೆ ನಂಬಿಕೆ ಇಲ್ವಾ?’ ಯಜಮಾನರು ಏನೂ ಹೇಳಲಿಲ್ಲ. ಎರಡು ದಿನ ಮನೆಯಲ್ಲಿ ಲೆಕ್ಕದಷ್ಟೇ ಮಾತು. ಮೂರನೆಯ ದಿನ ತೋಟದ ಆಡಿಟರ್ ಫೋನ್ ಮಾಡಿದರು. ಪಾನ್ ನಂಬರ್ ಕೇಳಿದರು, ಆಧಾರ್ ಕೇಳಿದರು, ಕೆಲಸಕ್ಕೆ ಸೇರಿದ ತಾರೀಕು ಕೇಳಿದರು. ಎಲ್ಲ ಹೇಳಿದೆ. ಕೊನೆಗೆ, ‘ಪತ್ರದಲ್ಲಿ ಹುದ್ದೆ ಏನು ಅಂತ ಹಾಕಲಿ?’ ಅಂದರು.

ಒಂದು ದಿನ ಟೈಮ್ ಕೊಡಿ ಸಾರ್ ಅಂದೆ.