ಗೊತ್ತು ಅಂತ ತಲೆಯಾಡಿಸುವ ಹಳೇ ಬ್ರೌಸರ್

ಜಯನಗರದ ಒಂದು ದರ್ಶಿನಿಯ ಕೌಂಟರ್ ಮೇಲೆ ಹಳೇ ಐಪ್ಯಾಡ್ ಮಿನಿ 2 ಇದೆ. ಬೇಕಾದ ತಿಂಡಿಯ ಬಟನ್ ಮುಟ್ಟಿದರೆ ಟೋಕನ್ ಬರುತ್ತದೆ. ಮಾಲೀಕರ ಹೊಸ ಫೋನಿನಲ್ಲಿ ಅದೇ ಪೇಜ್ ಲಕ್ಷಣವಾಗಿ ಕಾಣುತ್ತದೆ, ಐಪ್ಯಾಡಿನಲ್ಲಿ ಮಾತ್ರ ಸೆಟ್ ದೋಸೆ, ಖಾಲಿ ದೋಸೆ, ಮಸಾಲೆ ದೋಸೆ ಮೂರೂ ಒಂದಕ್ಕೊಂದು ಅಂಟಿಕೊಂಡು ಕೂತಿರುತ್ತವೆ. ಬೆರಳು ಒಂಚೂರು ಜಾರಿದರೆ ತಟ್ಟೆಗೆ ಬೇರೆ ದೋಸೆ.

ಆ ಐಪ್ಯಾಡ್ ಐಓಎಸ್ 12ಕ್ಕೇ ನಿಂತುಬಿಟ್ಟಿದೆ. ಐಓಎಸ್ 13 ಅದಕ್ಕೆ ಬರಲೇ ಇಲ್ಲ. ಕ್ರೋಮ್ ಹಾಕಿಕೊಂಡರೂ ಉಪಯೋಗವಿಲ್ಲ, ಯಾಕಂದ್ರೆ ಅದರಲ್ಲಿ ಯಾವ ಬ್ರೌಸರ್ ಹಾಕಿದರೂ ಒಳಗೆ ಪೇಜನ್ನು ಬಿಡಿಸುವುದು ಆಪಲ್‌ನ ವೆಬ್‌ಕಿಟ್ ಎಂಜಿನ್ನೇ.

ಪೇಜ್ ಹೇಗೆ ಕಾಣಬೇಕು ಅಂತ ಬರೆಯುವ ಭಾಷೆ ಸಿಎಸ್ಎಸ್. ಅದಕ್ಕೆ ಶುರುವಿನಿಂದಲೂ ಒಂದು ಒಳ್ಳೇ ಗುಣ ಇದೆ. ಅರ್ಥವಾಗದ ಸಾಲು ಬಂದರೆ ಬ್ರೌಸರ್ ಗಲಾಟೆ ಮಾಡದೆ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಹಾಗಾಗಿ ಮೊದಲು ಹಳೇ ಸಾಲು, ಅದರ ಕೆಳಗೆ ಹೊಸ ಸಾಲು ಬರೆದರೆ ಸಾಕು. ಎತ್ತರಕ್ಕೆ 100ವಿಎಚ್ (ಪರದೆಯ ಪೂರ್ತಿ ಎತ್ತರ) ಅಂತ ಬರೆದು ಕೆಳಗೆ 100ಡಿವಿಎಚ್ (ಅದೇ ಅಳತೆಯ ಹೊಸ ರೂಪ) ಅಂತ ಬರೆಯಿರಿ, ಹಳೇ ಬ್ರೌಸರ್ ಮೊದಲನೆಯದನ್ನೇ ಇಟ್ಟುಕೊಳ್ಳುತ್ತದೆ, ಹೊಸದು ಎರಡನೆಯದನ್ನು ಹಿಡಿಯುತ್ತದೆ. ‘ಇದು ನಿನಗೆ ಗೊತ್ತಾ?’ ಅಂತ ಕೇಳಲು ಸಪೋರ್ಟ್ಸ್ ಅನ್ನುವ ನಿಯಮವೂ ಇದೆ.

ದೋಸೆ ಬಟನ್‌ಗಳಲ್ಲಿ ಎಡವಟ್ಟಾಗಿದ್ದು ಇಲ್ಲೇ. ಬಟನ್‌ಗಳ ನಡುವೆ ಜಾಗ ಬಿಡುವ ಗ್ಯಾಪ್ ಅನ್ನುವ ಗುಣ ಮೊದಲು ಬಂದಿದ್ದು ಸಾಲು, ಕಂಬಗಳಾಗಿ ಜೋಡಿಸುವ ಗ್ರಿಡ್ ಜೊತೆ. ಒಂದೇ ದಿಕ್ಕಿನಲ್ಲಿ ಸಾಲಾಗಿ ಜೋಡಿಸುವ ಫ್ಲೆಕ್ಸ್‌ಬಾಕ್ಸ್‌ನಲ್ಲಿ (ಈ ಮೆನು ಬರೆದಿರುವುದು ಅದರಲ್ಲೇ) ಅದು ಕ್ರೋಮ್‌ಗೆ 2020ರಲ್ಲಿ, ಆಪಲ್‌ನ ಬ್ರೌಸರ್ ಸಫಾರಿಗೆ 2021ರಲ್ಲಿ ಬಂತು. ಐಓಎಸ್ 12ರ ಸಫಾರಿಗೆ ಗ್ರಿಡ್‌ನಲ್ಲಿ ಗ್ಯಾಪ್ ಗೊತ್ತು, ಫ್ಲೆಕ್ಸ್‌ನಲ್ಲಿ ಗೊತ್ತಿಲ್ಲ. ‘ಗ್ಯಾಪ್ ಗೊತ್ತಾ?’ ಅಂತ ಕೇಳಿದರೆ ‘ಹೂಂ’ ಅನ್ನುತ್ತದೆ. ಸುಳ್ಳೇನಲ್ಲ, ಆದರೆ ಎಲ್ಲಿ ಗೊತ್ತು ಅಂತ ಕೇಳುವ ದಾರಿ ಆ ನಿಯಮದಲ್ಲಿ ಇಲ್ಲವಲ್ಲ! ಪೂರ್ತಿ ಗೊತ್ತಿಲ್ಲದ ಬ್ರೌಸರ್‌ಗಿಂತ ಅರ್ಧ ಗೊತ್ತಿರುವ ಬ್ರೌಸರ್ ಜಾಸ್ತಿ ತಲೆನೋವು.

ಹಳೇ ಉಪಾಯ ಅಂದರೆ ಗ್ಯಾಪ್ ಪೂರ್ತಿ ಬಿಟ್ಟು ಪ್ರತಿ ಬಟನ್‌ಗೆ ಸುತ್ತಲೂ 6 ಪಿಕ್ಸೆಲ್ ಮಾರ್ಜಿನ್ (ಹೊರಗಿನ ಖಾಲಿ ಜಾಗ) ಕೊಟ್ಟು, ಬಟನ್‌ಗಳನ್ನೆಲ್ಲ ಹಿಡಿದ ಹೊರಗಿನ ಡಬ್ಬಕ್ಕೆ ಮೈನಸ್ 6 ಕೊಡುವುದು. ನಡುವೆ 12 ಉಳಿಯುತ್ತದೆ, ಅಂಚಿನಲ್ಲಿ ಜಾಗ ವ್ಯರ್ಥವಾಗುವುದಿಲ್ಲ. ಕೆಲವರು ಪೇಜಿನೊಳಗೆ ಓಡುವ ಪ್ರೋಗ್ರಾಂ ಭಾಷೆ ಜಾವಾಸ್ಕ್ರಿಪ್ಟ್‌ನಲ್ಲಿ ಫ್ಲೆಕ್ಸ್ ಬಳಸಿ ಎರಡು ಖಾಲಿ ಡಬ್ಬಗಳನ್ನು ಒಂದರ ಕೆಳಗೊಂದು ಇಟ್ಟು, ನಡುವೆ 1 ಪಿಕ್ಸೆಲ್ ಗ್ಯಾಪ್ ಹಾಕಿ, ಒಟ್ಟು ಎತ್ತರ ನಿಜಕ್ಕೂ 1 ಆಯ್ತಾ ಅಂತ ಅಳೆದು ನೋಡುತ್ತಾರೆ. ನನ್ನ ಕೇಳಿದರೆ ಇದ್ಯಾವುದೂ ಬೇಡ. ಮೆನು ಅಂದಮೇಲೆ ಸಾಲು, ಕಂಬ ಇದ್ದೇ ಇರುತ್ತವೆ ಅಲ್ವಾ, ಅದನ್ನೇ ಗ್ರಿಡ್‌ನಲ್ಲಿ ಬರೆದರೆ ಅದೇ ಐಪ್ಯಾಡ್ ಗ್ಯಾಪನ್ನೂ ಸರಿಯಾಗಿ ಬಿಡುತ್ತದೆ.

2001ರಲ್ಲಿ ಬಂದ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 6ರ ಕಾಲದಲ್ಲಿ ಇಷ್ಟು ಸಲೀಸಾಗಿರಲಿಲ್ಲ. ಎಡಕ್ಕೆ ಫ್ಲೋಟ್ ಮಾಡಿದ, ಅಂದರೆ ಎಡಗಡೆಗೆ ಸರಿಸಿ ಕೂರಿಸಿದ ಡಬ್ಬಕ್ಕೆ ಎಡಗಡೆ 10 ಪಿಕ್ಸೆಲ್ ಮಾರ್ಜಿನ್ ಕೊಟ್ಟರೆ ಸಾಲಿನ ಮೊದಲ ಡಬ್ಬಕ್ಕೆ ಅದು 20 ಬಿಡುತ್ತಿತ್ತು. ಮದ್ದು, ಡಿಸ್‌ಪ್ಲೇ ಇನ್‌ಲೈನ್ ಅಂತ ಸುಮ್ನೆ ಒಂದು ಸಾಲು ಸೇರಿಸುವುದು. ಫ್ಲೋಟ್ ಆದ ಡಬ್ಬಕ್ಕೆ ಆ ಸಾಲಿನಿಂದ ಬೇರೆ ಬ್ರೌಸರ್‌ಗಳಲ್ಲಿ ಏನೂ ಆಗುವುದಿಲ್ಲ, ಇದರಲ್ಲಿ ಮಾತ್ರ ರೋಗ ವಾಸಿ! ಅದಕ್ಕೂ ಹಿಂದಿನ ಎಕ್ಸ್‌ಪ್ಲೋರರ್ 5 ಡಬ್ಬದ ಅಗಲಕ್ಕೆ ಪ್ಯಾಡಿಂಗ್ (ಒಳಗಿನ ಖಾಲಿ ಜಾಗ), ಬಾರ್ಡರ್ (ಅಂಚಿನ ಗೆರೆ) ಎರಡನ್ನೂ ಸೇರಿಸಿಯೇ ಲೆಕ್ಕ ಹಾಕುತ್ತಿತ್ತು, ತಪ್ಪು ಅಂತ ಎಲ್ಲರೂ ಬೈದರು. ಈಗ ನೋಡಿದರೆ ಬಾರ್ಡರ್ ಬಾಕ್ಸ್ ಅಂತ ಅದೇ ಲೆಕ್ಕವನ್ನು ಫೈಲಿನ ಮೇಲ್ತುದಿಯಲ್ಲೇ ಬರೆದು ಕೆಲಸ ಶುರು ಮಾಡುತ್ತೇವೆ.

ವಿಂಡೋಸ್ 7 ಓಡುವ ಕಂಪ್ಯೂಟರ್ ಇರುವ ಝೆರಾಕ್ಸ್ ಅಂಗಡಿಗೂ ನಿಮ್ಮ ಪೇಜ್ ಹೋಗಬಹುದು. ಅದಕ್ಕೆ ಸಿಕ್ಕ ಕೊನೆಯ ಕ್ರೋಮ್ 109. ಒಂದು ನಿಯಮದೊಳಗೆ ಇನ್ನೊಂದನ್ನು ಬರೆಯುವ ನೆಸ್ಟಿಂಗ್ ಬಂದಿದ್ದು 112ರಲ್ಲಿ. ಹಾಗೆ ಬರೆದ ಒಳಗಿನ ನಿಯಮಗಳನ್ನೆಲ್ಲ 109 ಬಿಟ್ಟು ಹೋಗುತ್ತದೆ, ಆದ್ದರಿಂದ ಅಪ್‌ಲೋಡ್ ಮಾಡುವ ಮೊದಲು ಪೋಸ್ಟ್‌ಸಿಎಸ್ಎಸ್‌ನಂಥ ಟೂಲ್‌ನಲ್ಲಿ ಅವನ್ನು ಬಿಡಿಬಿಡಿಯಾಗಿ ಬಿಚ್ಚಿಡಬೇಕು.

ಇನ್ನೊಂದು ತೊಂದರೆಗೆ ಹಳೇ ಬ್ರೌಸರ್‌ನ ದೂರುವ ಹಾಗಿಲ್ಲ. ಇಂಗ್ಲಿಷ್ ಅಕ್ಷರ ನೋಡಿ ಬಟನ್‌ಗೆ ಎತ್ತರ ಗಟ್ಟಿ ಮಾಡಿ, ಮೀರಿದ್ದನ್ನು ಮರೆಮಾಡುವ ಓವರ್‌ಫ್ಲೋ ಹಿಡನ್ ಹಾಕಿಬಿಟ್ಟರೆ ‘ಅಕ್ಕಿ ರೊಟ್ಟಿ’ಯ ಒತ್ತಕ್ಷರಗಳ ಬುಡ ಕತ್ತರಿಸಿಹೋಗುತ್ತದೆ. ಹೈಟ್ ಬದಲು ಮಿನ್ ಹೈಟ್ (ಕನಿಷ್ಠ ಎತ್ತರ) ಬರೆಯಿರಿ, ಲೈನ್ ಹೈಟ್ (ಸಾಲಿನ ಎತ್ತರ) 1.6ರ ಹತ್ತಿರ ಇಡಿ.