ಮನೇಲಿ ಇವಿ ಚಾರ್ಜಿಂಗ್ ವೈರಿಂಗ್: ನಾವೇ ಮಾಡ್ಕೊಳ್ಳೋದೆಷ್ಟು, ವೈರ್‌ಮ್ಯಾನ್‌ಗೆ ಬಿಡೋದೆಷ್ಟು

ಇವಿ, ಅಂದ್ರೆ ಎಲೆಕ್ಟ್ರಿಕ್ ಕಾರ್, ತಗೊಳೋರು ಮೊದ್ಲು ಕೇಳೋ ಪ್ರಶ್ನೆ ಇದೇ: ಗೀಸರ್‌ಗೆ ಅಂತ 16 ಆಂಪ್ ಪಾಯಿಂಟ್ ಇದೆಯಲ್ಲ, ಅಲ್ಲಿಂದಲೇ ಒಂದು ವೈರ್ ಎಳ್ಕೊಂಡು ಪಾರ್ಕಿಂಗ್‌ಗೆ ಸಾಕೆಟ್ ಕೂರಿಸಿದ್ರೆ ಆಗಲ್ವಾ? ಲೆಕ್ಕ ಹಾಕಿ ನೋಡೋಣ. 2 ಕಿಲೋವ್ಯಾಟ್ ಗೀಸರ್ 230 ವೋಲ್ಟಲ್ಲಿ ಸುಮಾರು 8.7 ಆಂಪ್ ಎಳೆಯುತ್ತೆ, ನೀರು ಕಾದ ತಕ್ಷಣ ಥರ್ಮೋಸ್ಟ್ಯಾಟ್ ಕಟ್ ಮಾಡುತ್ತೆ. ಕಾರಿನ ಜೊತೆ ಬರೋ 3.3 ಕಿಲೋವ್ಯಾಟ್ ಪೋರ್ಟಬಲ್ ಚಾರ್ಜರ್ 14 ಆಂಪ್ ಮೇಲೆ ಎಳೆಯುತ್ತೆ, 30 ಯೂನಿಟ್ ಬ್ಯಾಟರಿ ಖಾಲಿ ಇದ್ರೆ ರಾತ್ರಿಯಿಡೀ ಒಂಬತ್ತು ಗಂಟೆ ಎಳೀತಾನೇ ಇರುತ್ತೆ. ಗೋಡೆಗೆ ಹಾಕೋ 7.2 ಕಿಲೋವ್ಯಾಟ್ ವಾಲ್ ಬಾಕ್ಸ್ ಆದ್ರೆ 31 ಆಂಪ್ ದಾಟುತ್ತೆ.

ಗೀಸರ್ ಪಾಯಿಂಟಿಂದ ಎಳೆಯೋದು ಬೇಡ ಅನ್ನೋದಕ್ಕೆ ಈ ಬಿಡುವಿಲ್ಲದ ಲೋಡೇ ಕಾರಣ. ಸಾಕೆಟ್ ಹಿಂದೆ ಸ್ಕ್ರೂ ಸ್ವಲ್ಪ ಸಡಿಲ ಇದ್ದು ಅಲ್ಲಿ 0.1 ಓಮ್ ರೆಸಿಸ್ಟೆನ್ಸ್ ಬಂತು ಅಂದ್ಕೊಳ್ಳಿ, 14 ಆಂಪ್‌ನ ವರ್ಗ ಇಂಟು 0.1 ಅಂದ್ರೆ ಸುಮಾರು 20 ವ್ಯಾಟ್ ಶಾಖ ಆ ಒಂದು ತುದೀಲೇ ಹುಟ್ಟುತ್ತೆ, ಒಂದು ಸಣ್ಣ ಸೋಲ್ಡರಿಂಗ್ ಐರನ್ನನ್ನ ಪ್ಲಾಸ್ಟಿಕ್ ಬಾಕ್ಸ್ ಒಳಗಿಟ್ಟು ರಾತ್ರಿಯೆಲ್ಲಾ ಆನ್ ಮಾಡಿಟ್ಟ ಹಾಗೆ. ಎಂಸಿಬಿ (ಕರೆಂಟ್ ಮಿತಿ ಮೀರಿದ್ರೆ ತಾನೇ ಬೀಳೋ ಸ್ವಿಚ್) ಇದನ್ನ ಹಿಡಿಯಲ್ಲ, ಯಾಕಂದ್ರೆ ಕರೆಂಟ್ ಜಾಸ್ತಿ ಆಗಿಲ್ವಲ್ಲ.

ವೈರ್ ದಪ್ಪ ಎಷ್ಟು ಬೇಕು ಅನ್ನೋದು ಸುಲಭದ ಭಾಗ. ಪೋರ್ಟಬಲ್ ಚಾರ್ಜರ್‌ಗೆ 4 ಸ್ಕ್ವೇರ್ ಎಂಎಂ ತಾಮ್ರ, ವಾಲ್ ಬಾಕ್ಸ್‌ಗೆ 6, ದೂರ ಜಾಸ್ತಿ ಇದ್ರೆ 10, ಸಾಮಾನ್ಯವಾಗಿ ಹಾಕೋದು ಇಷ್ಟೇ. ಮೀಟರ್ ಬೋರ್ಡಿಂದ 25 ಮೀಟರ್, 6 ಸ್ಕ್ವೇರ್ ಎಂಎಂ, 32 ಆಂಪ್ ಅಂದ್ರೆ ವೋಲ್ಟೇಜ್ ಡ್ರಾಪ್ (ವೈರಲ್ಲೇ ಕಳೆದುಹೋಗೋ ವೋಲ್ಟೇಜ್) ಸುಮಾರು 5 ವೋಲ್ಟ್ ಇರುತ್ತೆ. ಅದೇ ಜಾಗಕ್ಕೆ ಮನೇಲಿ ಮಿಕ್ಕಿದೆ ಅಂತ 2.5 ವೈರ್ ಎಳೆದ್ರೆ ಡ್ರಾಪ್ 11 ವೋಲ್ಟ್, ಸುಮಾರು 350 ವ್ಯಾಟ್ ಬರೀ ಪೈಪಲ್ಲೇ ಬಿಸಿಯಾಗಿ ಹೋಗುತ್ತೆ.

ನಿಜವಾಗ್ಲೂ ತಲೆ ಕೆಡಿಸ್ಕೋಬೇಕಾದ್ದು ಅರ್ಥಿಂಗ್ (ಲೀಕ್ ಆದ ಕರೆಂಟನ್ನ ನೆಲಕ್ಕೆ ಕಳಿಸೋ ವ್ಯವಸ್ಥೆ) ಬಗ್ಗೆ, ಇದನ್ನ ನಿಧಾನಕ್ಕೆ ಓದಿ. ಹಳೇ ಮನೆಗಳಲ್ಲಿ ಅರ್ಥ್ ಅಂತ ಒಂದು ವೈರನ್ನ ನಲ್ಲಿ ಪೈಪಿಗೆ ಸುತ್ತಿರ್ತಾರೆ, ಆಮೇಲೆ ಪೈಪ್ ಪಿವಿಸಿ ಆಗಿರುತ್ತೆ, ಅರ್ಥ್ ಹೋಗಿರೋದು ಯಾರಿಗೂ ಗೊತ್ತಿರಲ್ಲ. ಫ್ರಿಜ್, ಟಿವಿ ಎಲ್ಲಾ ಅದಿಲ್ದೇನೂ ಓಡುತ್ವೆ, ಕಾರ್ ಚಾರ್ಜರ್ ಓಡಲ್ಲ, ಕೆಂಪು ಲೈಟ್ ಹಾಕಿ ನಿಂತ್ಬಿಡುತ್ತೆ. ಆಗ ಕೆಲವ್ರು ಮಾಡೋ ಕೆಲ್ಸ ಏನಂದ್ರೆ ಸಾಕೆಟ್ ಬಿಚ್ಚಿ ನ್ಯೂಟ್ರಲ್ ಟರ್ಮಿನಲ್ಲಿಂದ ಅರ್ಥ್ ಟರ್ಮಿನಲ್‌ಗೆ ಎರಡಿಂಚು ವೈರ್ ಹಾಕಿ ಲೂಪ್ ಮಾಡ್ತಾರೆ. ಹಸಿರು ಲೈಟ್ ಬರುತ್ತೆ, ಕಾರೂ ಚಾರ್ಜ್ ಆಗುತ್ತೆ. ಆದ್ರೆ ಈಗ ಕಾರಿನ ಬಾಡಿ ನೇರವಾಗಿ ನ್ಯೂಟ್ರಲ್‌ಗೆ ಸೇರ್ಕೊಂಡಿದೆ. ಮಳೆ ಗಾಳಿಗೆ ಕಂಬದಲ್ಲಿ ನ್ಯೂಟ್ರಲ್ ಕಟ್ ಆಯ್ತು ಅಂದ್ರೆ ಫೇಸ್ ಕರೆಂಟು ಆನ್ ಇರೋ ಬಲ್ಬು, ಫ್ರಿಜ್ ಮೂಲಕ ನ್ಯೂಟ್ರಲ್‌ಗೆ ಬಂದು ಅಲ್ಲಿಂದ ಬಾಗಿಲ ಹಿಡಿಕೆವರೆಗೂ ಬರುತ್ತೆ, ಆರ್‌ಸಿಸಿಬಿ (ಕರೆಂಟ್ ಬೇರೆ ದಾರೀಲಿ ಲೀಕ್ ಆದ್ರೆ ತಕ್ಷಣ ಬೀಳೋ ಸ್ವಿಚ್) ಇಲ್ದಿರೋ ಮನೇಲಿ ಅದನ್ನ ತಡೆಯೋದು ಏನೂ ಇಲ್ಲ. ದಯವಿಟ್ಟು ಯಾರೂ ಮಾಡ್ಬೇಡಿ, ಮಾಡಿರೋದು ಕಂಡ್ರೆ ಅವತ್ತೇ ತೆಗೆಸಿ.

ಮಲ್ಟಿಮೀಟರಲ್ಲಿ ಫೇಸ್-ಅರ್ಥ್ ಮಧ್ಯೆ 230 ತೋರಿಸ್ತು, ಹಂಗಾದ್ರೆ ಅರ್ಥ್ ಚೆನ್ನಾಗಿದೆ ಅನ್ನೋದು ಪೂರ್ತಿ ಸರಿಯಲ್ಲ. ಮೀಟರ್ ಎಳೆಯೋ ಕರೆಂಟು ತೀರಾ ಕಮ್ಮಿ, ಹಂಗಾಗಿ ಅರ್ಥ್ ರೆಸಿಸ್ಟೆನ್ಸ್ ನೂರಾರು ಓಮ್ ಇದ್ರೂ ಅದು 230 ಅಂತಾನೇ ತೋರಿಸುತ್ತೆ. ಅಸಲಿ ರೀಡಿಂಗ್ ಬೇಕು ಅಂದ್ರೆ ಅರ್ಥ್ ಟೆಸ್ಟರ್ ತಂದು ಅಳೀಬೇಕು. ಇನ್ನೊಂದು ಸುಳಿವು: ಲೋಡ್ ಓಡ್ತಿರೋವಾಗ ನ್ಯೂಟ್ರಲ್-ಅರ್ಥ್ ಮಧ್ಯೆ ಸಾಮಾನ್ಯವಾಗಿ ಒಂದೆರಡು ವೋಲ್ಟ್ ಇರುತ್ತೆ, ಆಗ್ಲೂ ಕರೆಕ್ಟಾಗಿ ಸೊನ್ನೆ ಬಂದ್ರೆ ಹತ್ತಿರದಲ್ಲೇ ಎಲ್ಲೋ ಲೂಪ್ ಇರ್ಬಹುದು ಅಂತ ಅನುಮಾನ ಪಡಿ.

ಅರ್ಥ್ ಚೆನ್ನಾಗಿದ್ರೂ ಬರೀ ಎಂಸಿಬಿ ಸಾಕಾಗಲ್ಲ. 5 ಓಮ್ ಅರ್ಥಿಂಗ್ ಅಂದ್ರೆ ಒಳ್ಳೇದೇ, ಆದ್ರೆ ಫೇಸ್ ಬಾಡಿಗೆ ತಾಗಿದ್ರೆ ಹರಿಯೋದು 230 ಭಾಗಿಸು 5, ಅಂದ್ರೆ 46 ಆಂಪ್. 40 ಆಂಪ್‌ನ ಸಿ-ಕರ್ವ್ ಅನ್ನೋ ಬಗೆಯ ಎಂಸಿಬಿ ತಕ್ಷಣ ಬೀಳೋಕೆ ಕನಿಷ್ಠ 200 ಆಂಪ್ ಬೇಕು! ಅದಕ್ಕೇ 30 ಮಿಲಿಆಂಪ್ ಆರ್‌ಸಿಸಿಬಿ ಕಡ್ಡಾಯ ಅಂತಾನೇ ಇಟ್ಕೊಳ್ಳಿ. ಅದ್ರಲ್ಲೂ ಅಂಗಡೀಲಿ ಅಗ್ಗಕ್ಕೆ ಸಿಗೋ ಟೈಪ್ ಎಸಿ ಬೇಡ, ಕಾರಿನ ಚಾರ್ಜರಿಂದ ಡಿಸಿ ಲೀಕೇಜ್ ಬಂದ್ರೆ ಅದು ಬೀಳೋದೇ ಇಲ್ಲ. ವಾಲ್ ಬಾಕ್ಸ್ ಒಳಗೇ 6 ಮಿಲಿಆಂಪ್ ಡಿಸಿ ಸೆನ್ಸಿಂಗ್ ಇದ್ರೆ ಟೈಪ್ ಎ ಸಾಕು, ಇಲ್ಲಾಂದ್ರೆ ಡಿಸಿ ಲೀಕೇಜನ್ನೂ ಹಿಡಿಯೋ ಟೈಪ್ ಬಿ, ಅದು ದುಬಾರಿ.

ಕಾನೂನು ಏನು ಹೇಳುತ್ತೆ? ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮದಲ್ಲೇ ಇತ್ತು: ಬಲ್ಬ್, ಫ್ಯಾನ್, ಫ್ಯೂಸ್, ಸ್ವಿಚ್ ಬದಲಾಯಿಸೋದನ್ನ ಬಿಟ್ರೆ ಹೊಸ ವೈರಿಂಗನ್ನ ಲೈಸೆನ್ಸ್ ಇರೋ ಕಾಂಟ್ರ್ಯಾಕ್ಟರೇ ಮಾಡ್ಬೇಕು. ಕರ್ನಾಟಕದಲ್ಲಿ ಆ ಲೈಸೆನ್ಸ್ ಕೊಡೋದು ವಿದ್ಯುತ್ ಪರಿವೀಕ್ಷಣಾಲಯ. ಕೈ ಕೆಲಸ ಬರೋರಿಗೂ ಇದು ಅನ್ವಯ ಆಗುತ್ತೆ, ನನಗಂತೂ ಇದು ಸರಿ ಅನ್ಸುತ್ತೆ, ಯಾಕಂದ್ರೆ ಕೈ ಕೆಲಸ ಬಂದ್ರೂ ಅರ್ಥ್ ಟೆಸ್ಟರ್ ಮನೇಲಿಟ್ಕೊಂಡಿರೋರು ಯಾರಿದಾರೆ ಹೇಳಿ.

ಹಂಗಂತ ನಾವು ಸುಮ್ನೆ ಕೂರೋದಲ್ಲ, ಕರೆಂಟ್ ಬಿಲ್ ತೆಗೆದು ಸ್ಯಾಂಕ್ಷನ್ಡ್ ಲೋಡ್ (ಮನೆಗೆ ಮಂಜೂರಾಗಿರೋ ಲೋಡ್) ನೋಡಿ, 3 ಕಿಲೋವ್ಯಾಟ್ ಇರೋ ಮನೆಗೆ 7.2ರ ಬಾಕ್ಸ್ ತರೋ ಮುಂಚೆ ಬೆಸ್ಕಾಂಗೋ ನಿಮ್ಮ ಊರಿನ ಎಸ್ಕಾಂಗೋ ಅರ್ಜಿ ಹಾಕ್ಬೇಕು. ದೂರ ಟೇಪ್ ಹಿಡಿದು ಅಳೆಯಿರಿ. ಅಪಾರ್ಟ್‌ಮೆಂಟಲ್ಲಿದ್ರೆ ಅಸೋಸಿಯೇಷನ್ ಒಪ್ಪಿಗೆ ಮೊದ್ಲೇ ತಗೊಳ್ಳಿ. ಕೆಲಸ ಮುಗಿದ್ಮೇಲೆ ವೈರ್‌ಮ್ಯಾನ್ ಹತ್ರ ಅಣ್ಣ, ಅರ್ಥ್ ರೀಡಿಂಗ್ ಎಷ್ಟು ಬಂತು, ಡಿಬಿ (ಎಂಸಿಬಿಗಳಿರೋ ಬಾಕ್ಸ್) ಬಾಗಿಲ ಒಳಗಡೆ ಬರೆದುಬಿಡಿ ಅಂತ ಕೇಳಿ. ಆರ್‌ಸಿಸಿಬಿ ಟೆಸ್ಟ್ ಬಟನ್ ಅವರ ಎದುರೇ ಒತ್ತಿ ನೋಡಿ. ಮೊದಲ ಸಲ ಚಾರ್ಜ್‌ಗೆ ಹಾಕಿದಾಗ ಒಂದು ಗಂಟೆ ಬಿಟ್ಟು ಪ್ಲಗ್ಗಿನ ಪ್ಲಾಸ್ಟಿಕ್ ಮೇಲೆ ಕೈಯಿಟ್ಟು ನೋಡಿ, ಬೆಚ್ಚಗಿದ್ರೆ ಪರವಾಗಿಲ್ಲ, ಕೈ ಇಡೋಕಾಗ್ದಷ್ಟು ಸುಡ್ತಿದ್ರೆ ಎಂಸಿಬಿ ಇಳಿಸಿ ಅವರನ್ನೇ ವಾಪಸ್ ಕರೆಸಿ.